ಉಪ್ಪುನೀರು ಮಿಶ್ರಣವೋ ಸಂಯುಕ್ತವೋ? 6ರಿಂದ 8ನೇ ತರಗತಿಗೆ ದ್ರವ್ಯದ ಪಾಠ

ಬಿಸಿಲೂರು (ರಾಯಚೂರು)

ವ್ಯಾಖ್ಯೆ ಕೇಳಿದರೆ ಮಕ್ಕಳು ಒಂದು ಅಕ್ಷರ ತಪ್ಪದೆ ಒಪ್ಪಿಸುತ್ತಾರೆ: "ಮಿಶ್ರಣದ ಘಟಕಗಳನ್ನು ಸುಲಭವಾಗಿ ಬೇರ್ಪಡಿಸಬಹುದು, ಸಂಯುಕ್ತದ ಘಟಕಗಳನ್ನು ಬೇರ್ಪಡಿಸಲಾಗದು." ಅದೇ ಮಕ್ಕಳ ಮುಂದೆ ಉಪ್ಪುನೀರು, ಸಂಡೂರಿನ ಅದಿರು, ಹಾಲು, ಅಡುಗೆ ಸೋಡಾ, ಗಾಳಿ ಇಷ್ಟನ್ನು ಹೇಳಿ ವಿಂಗಡಿಸಿ ಎಂದರೆ ಲೆಕ್ಕ ತಪ್ಪುತ್ತದೆ. ಉಪ್ಪುನೀರು ಸಂಯುಕ್ತವಂತೆ, ಉಪ್ಪು ಕಾಣೋದಿಲ್ಲವಲ್ಲ. ಅದಿರು ಮಿಶ್ರಣವಂತೆ, ಅದರೊಳಗಿಂದ ಕಬ್ಬಿಣ ತೆಗೀತಾರಲ್ಲ. ಹಾಲು ಶುದ್ಧ ವಸ್ತುವಂತೆ, ಪ್ಯಾಕೆಟ್ ಮೇಲೆ ಹಾಗೇ ಬರೆದಿದೆಯಲ್ಲ.

ಶಿಕ್ಷಕರೇ, ನಮ್ಮ ಮೂರು ಜಿಲ್ಲೆಯ (ರಾಯಚೂರು, ಕೊಪ್ಪಳ, ಬಳ್ಳಾರಿ) ಶಾಲೆಗಳನ್ನು ಮನಸ್ಸಿನಲ್ಲಿಟ್ಟು ಹೇಳಿ. ತರಗತಿಗೆ 40–45 ಮಕ್ಕಳು, ಪ್ರಯೋಗಾಲಯ ಅಂದರೆ ಒಂದು ಬೀರು, ಮಾರ್ಚ್‌ನಿಂದಲೇ ಬಿಸಿಲು. ಯಾವ ಪ್ರಯೋಗ ನಿಜಕ್ಕೂ ನಡೆಯುತ್ತದೆ, ಎಷ್ಟು ಗ್ರಾಂ ಹಾಕಬೇಕು, ಎಲ್ಲಿ ಕೈಕೊಡುತ್ತದೆ? ಪುಸ್ತಕದಲ್ಲಿರುವ ಸಾಲುಗಳೇ ಮತ್ತೆ ಬೇಡ.

ಕೆಂಪುಮಣ್ಣು (ಸಂಡೂರು)

ಆ ವ್ಯಾಖ್ಯೆಯಲ್ಲೇ ತೊಡಕಿದೆ ಸರ್. ಸಂಯುಕ್ತವನ್ನೂ ಬೇರ್ಪಡಿಸಬಹುದು, ಆದರೆ ಅದಕ್ಕೆ ರಾಸಾಯನಿಕ ಬದಲಾವಣೆ ಬೇಕು. "ಸುಲಭ", "ಕಷ್ಟ" ಎಂಬ ಮಾತನ್ನು ಪಾಠದಿಂದಲೇ ತೆಗೆದುಹಾಕಬೇಕು. ಎರಡೇ ಪ್ರಶ್ನೆ ಸಾಕು. ಒಂದು, ಒಳಗಿರುವ ವಸ್ತು ತನ್ನ ಗುಣ ಉಳಿಸಿಕೊಂಡಿದೆಯೇ? ಎರಡು, ಪ್ರಮಾಣವನ್ನು ನಮ್ಮಿಷ್ಟದಂತೆ ಹೆಚ್ಚುಕಡಿಮೆ ಮಾಡಬಹುದೇ? ಉಪ್ಪುನೀರಿಗೆ ಇನ್ನೊಂದು ಚಮಚ ಉಪ್ಪು ಹಾಕಿದರೂ ಅದು ಉಪ್ಪುನೀರೇ, ರುಚಿಯೂ ಉಪ್ಪಾಗಿಯೇ ಇರುತ್ತದೆ. ಅದು ಮಿಶ್ರಣ.

ಅದಿರಿನ ವಿಷಯಕ್ಕೆ ಬರೋಣ. ನಮ್ಮ ಜಿಲ್ಲೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಇಲ್ಲ. ಹೆಬ್ಬೆರಳಿನಷ್ಟು ದೊಡ್ಡ ಹೆಮಟೈಟ್ (ನಮ್ಮ ಕಬ್ಬಿಣದ ಅದಿರಿನ ಮುಖ್ಯ ಖನಿಜ) ತುಂಡೊಂದನ್ನು ತರಿಸಿ. ಮೇಲ್ಮೈ ಉಕ್ಕಿನಂತೆ ಬೂದುಗಪ್ಪು, ಕೈಯಲ್ಲಿ ಹಿಡಿದರೆ ಅದೇ ಗಾತ್ರದ ಜಲ್ಲಿಕಲ್ಲಿನ ಎರಡರಷ್ಟು ಭಾರ. ಗೋಡೆಗೆ ಹಚ್ಚುವ ಟೈಲ್ಸ್ ತುಂಡನ್ನು ಮಗುಚಿ, ಹೊಳಪಿಲ್ಲದ ಬೆನ್ನಿನ ಮೇಲೆ ಒತ್ತಿ ಗೀರಿ. ಗೆರೆ ಬೂದಿ ಬಣ್ಣದಲ್ಲಿ ಬರುವುದಿಲ್ಲ, ಕೆಂಪುಕಂದು ಬಣ್ಣದಲ್ಲಿ ಬರುತ್ತದೆ. ನಮ್ಮ ರಸ್ತೆ, ಗೋಡೆ, ಗಿಡದ ಎಲೆಯ ಮೇಲೆ ಕೂರುವ ಧೂಳಿನ ಬಣ್ಣ ಅದೇ. ಈಗ ಪುಡಿಗೆ ಆಯಸ್ಕಾಂತ ಹಿಡಿಯಿರಿ. ಕಬ್ಬಿಣದ ಅರಪುಡಿಯ ಹಾಗೆ ಅದು ಎದ್ದು ಬಂದು ಅಂಟಿಕೊಳ್ಳುವುದಿಲ್ಲ. "ಕಬ್ಬಿಣ ಐತಿ ಅಂತೀರಿ, ಹಿಡೀಲಿಲ್ಲಲ್ರೀ" ಎಂದು ಮಕ್ಕಳು ಕೇಳುವ ಆ ಗಳಿಗೆಯಲ್ಲೇ ಸಂಯುಕ್ತದ ಪಾಠ ಶುರುವಾಗಬೇಕು. ಕಬ್ಬಿಣ ಅಲ್ಲೇ ಇದೆ, ಆದರೆ ಆಕ್ಸಿಜನ್ ಜೊತೆ ಕೂಡಿಕೊಂಡು ತನ್ನ ಗುಣ ಬಿಟ್ಟಿದೆ. ಶುದ್ಧ ಹೆಮಟೈಟ್‌ನಲ್ಲಿ ತೂಕದ ಲೆಕ್ಕದಲ್ಲಿ 100ಕ್ಕೆ 70 ಭಾಗ ಕಬ್ಬಿಣ, 30 ಭಾಗ ಆಕ್ಸಿಜನ್. ಎಷ್ಟು ಸಣ್ಣಗೆ ಕುಟ್ಟಿದರೂ ಆ 30 ಭಾಗ ಬಿಟ್ಟುಹೋಗುವುದಿಲ್ಲ. ಉಕ್ಕಿನ ಕಾರ್ಖಾನೆ ಇರುವ ತೋರಣಗಲ್ಲಿನಂಥ ಕಡೆ ಊದುಕುಲುಮೆಗೆ ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ) ಸುರಿಯುವುದು ಬರೀ ಕಾಯಿಸಲಿಕ್ಕಲ್ಲ. ಕೋಕ್‌ನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಆ ಆಕ್ಸಿಜನ್ನನ್ನು ಕಿತ್ತುಕೊಂಡು ಹೋಗುತ್ತದೆ.

ಎರಡು ಎಚ್ಚರಿಕೆ. ಕೆಲವು ತುಂಡುಗಳಲ್ಲಿ ಮ್ಯಾಗ್ನೆಟೈಟ್ (ಕಬ್ಬಿಣ, ಆಕ್ಸಿಜನ್ ಕೂಡಿದ ಇನ್ನೊಂದು ಖನಿಜ) ಸೇರಿರುತ್ತದೆ, ಅದನ್ನು ಆಯಸ್ಕಾಂತ ಚೆನ್ನಾಗಿಯೇ ಎಳೆಯುತ್ತದೆ. ಅದೂ ಸಂಯುಕ್ತವೇ. ಹಳ್ಳದ ಮರಳಿನಲ್ಲಿ ಆಯಸ್ಕಾಂತ ಎಳೆದಾಗ ಅಂಟುವ ಕಪ್ಪು ಕಣಗಳೂ ಹೆಚ್ಚಾಗಿ ಇವೇ. ಆದ್ದರಿಂದ "ಆಯಸ್ಕಾಂತ ಹಿಡಿದರೆ ಧಾತು, ಹಿಡಿಯದಿದ್ದರೆ ಸಂಯುಕ್ತ" ಎಂದು ಯಾರೂ ಬರೆಸಬೇಡಿ. ತುಂಡನ್ನು ತರಗತಿಗೆ ತರುವ ಮೊದಲು ನೀವೇ ಪರೀಕ್ಷಿಸಿಕೊಳ್ಳಿ. ಎರಡನೆಯದು, ಆಯಸ್ಕಾಂತವನ್ನು ಪಾಲಿಥಿನ್ ಚೀಲದಲ್ಲಿ ಸುತ್ತಿ ಬಳಸಿ. ಬರಿಯ ಆಯಸ್ಕಾಂತಕ್ಕೆ ಅಂಟಿದ ಪುಡಿಯನ್ನು ಬಿಡಿಸುವಷ್ಟರಲ್ಲಿ ಪೀರಿಯಡ್ ಮುಗಿದಿರುತ್ತದೆ.

ಲಿಂಗಸುಗೂರು ಮೇಷ್ಟ್ರು

ಸಂಡೂರು ಮೇಡಂ ಮಾತಿಗೆ ಒಂದು ಸೇರಿಸುತ್ತೇನೆ. ಅದಿರು ಎಂಬ ಕಲ್ಲು ಮಿಶ್ರಣವೇ: ಹೆಮಟೈಟ್, ಸಿಲಿಕಾ, ಜೇಡಿ ಎಲ್ಲ ಸೇರಿದ್ದು. ಆ ಮಿಶ್ರಣದೊಳಗಿನ ಹೆಮಟೈಟ್ ಸಂಯುಕ್ತ. ಹಾಗಾಗಿ "ಅದಿರು ಮಿಶ್ರಣ" ಎಂದ ಮಗುವಿನ ಉತ್ತರ ಸರಿ, ಕಾರಣ ಮಾತ್ರ ತಪ್ಪು. ಪಕ್ಕದಲ್ಲಿ ನಮ್ಮ ಹಟ್ಟಿಯ ಚಿನ್ನದ ಕಲ್ಲನ್ನು ಇಟ್ಟು ಹೋಲಿಸಿ. ಅಲ್ಲಿ ಚಿನ್ನ ಬಹುಪಾಲು ಧಾತುವಾಗಿಯೇ, ಬಿಳಿ ಬೆಣಚುಕಲ್ಲಿನ ನಡುವೆ ಸಣ್ಣ ಸಣ್ಣ ಕಣಗಳಾಗಿ ಕೂತಿರುತ್ತದೆ. ಟನ್ನಿಗೆ ಕೆಲವೇ ಗ್ರಾಂ. ಬೆಣಚುಕಲ್ಲು ಸಂಯುಕ್ತ, ಚಿನ್ನ ಧಾತು, ಎರಡೂ ಸೇರಿದ ಕಲ್ಲು ಮಿಶ್ರಣ. ಮೂರು ಪದಗಳೂ ಒಂದೇ ಕಲ್ಲಿನಲ್ಲಿ ಸಿಗುತ್ತವೆ.

ಕಬ್ಬಿಣ–ಗಂಧಕದ ಪ್ರಯೋಗ (ಬೆರೆಸಿದಾಗ ಮಿಶ್ರಣ, ಕಾಯಿಸಿದರೆ ಆಯಸ್ಕಾಂತಕ್ಕೆ ಅಂಟದ ಸಂಯುಕ್ತ) ಮಾಡುವವರಿಗೆ: 7 ಗ್ರಾಂ ಕಬ್ಬಿಣದ ಪುಡಿಗೆ 4 ಗ್ರಾಂ ಗಂಧಕ ಬೆರೆಸಿ, ಅದರಲ್ಲಿ 2 ಗ್ರಾಂ ಮೀರದಂತೆ ಸಣ್ಣ ಪ್ರನಾಳಕ್ಕೆ ಹಾಕಿ. ಬಾಯಿಗೆ ಉರಿಯದ ಖನಿಜ ಉಣ್ಣೆಯ ಬಿರಡೆ ಇಡಿ, ಹತ್ತಿ ಬೇಡ. ತಳ ಕೆಂಪಾಗುತ್ತಲೇ ಉರಿ ತೆಗೆಯಿರಿ. ಆಮೇಲೆ ಕೆಂಡ ತಾನಾಗಿ ಮೇಲಕ್ಕೆ ಹರಿಯುವುದನ್ನು ಮಕ್ಕಳು ನೋಡಬೇಕು. ಇದನ್ನು ಶಿಕ್ಷಕರು ಮಾತ್ರ, ಕನ್ನಡಕ ಹಾಕಿಕೊಂಡು, ವರಾಂಡದಲ್ಲಿ ಮಾಡಬೇಕು, ಗಾಳಿ ಮಕ್ಕಳ ಕಡೆ ಬೀಸುತ್ತಿರಬಾರದು. ಗಂಧಕ ಹೊತ್ತಿಕೊಂಡರೆ ಏಳುವ ಸಲ್ಫರ್ ಡೈಆಕ್ಸೈಡ್ ಉಬ್ಬಸ ಇರುವ ಮಕ್ಕಳಿಗೆ ಅಪಾಯ. ಕೆಲವರು ಆಮೇಲೆ ಆಮ್ಲ ಹಾಕಿ ಕೊಳೆತ ಮೊಟ್ಟೆಯ ವಾಸನೆ ತೋರಿಸುತ್ತಾರೆ. ಆ ಅನಿಲ ವಿಷ, ಬೇಡವೇ ಬೇಡ. ಗಂಧಕ ಕರಗಿಸಲು ಕಾರ್ಬನ್ ಡೈಸಲ್ಫೈಡ್ ಕೂಡ ಬೇಡ.

ಇದು ಕೆಡುವುದು ಎರಡು ಕಡೆ. ಗೊಬ್ಬರದ ಅಂಗಡಿಯಲ್ಲಿ ಸಿಗುವ "ನೀರಲ್ಲಿ ಕದಡುವ 80 ಪರ್ಸೆಂಟ್" ಗಂಧಕದಲ್ಲಿ ಉಳಿದ 20 ಭಾಗ ಬೇರೆ ವಸ್ತು ಇರುತ್ತದೆ, ಅದು ಆಗದು. ವೆಲ್ಡಿಂಗ್ ಅಂಗಡಿಯ ಪುಡಿ ದಪ್ಪ ಇರುತ್ತದೆ, ಎಣ್ಣೆಯೂ ಹತ್ತಿರುತ್ತದೆ. ಕಬ್ಬಿಣ ಪೂರ್ತಿ ಕೂಡದೆ ಉಳಿದು, ಕೊನೆಗೂ ಆಯಸ್ಕಾಂತಕ್ಕೆ ಅಂಟುತ್ತದೆ. ಆಗ ಪಾಠ ತಲೆಕೆಳಗು. ನನ್ನನ್ನು ಕೇಳಿದರೆ 7ನೇ ತರಗತಿಗೆ ಇದನ್ನು ಬಿಟ್ಟು ಅಡುಗೆ ಸೋಡಾ ಹಿಡಿಯುವುದೇ ಒಳ್ಳೆಯದು.

ಬಿಸಿಲೂರು (ರಾಯಚೂರು)

ಅಡುಗೆ ಸೋಡಾ ಎಂದರೆ ವಿನೆಗರ್ ಹಾಕಿ ನೊರೆ ಬರಿಸುವುದೇ? ಅದನ್ನು ನೋಡಿ ಮಕ್ಕಳು ಕುಣಿಯುತ್ತಾರೆ, ಆದರೆ ಏನು ಕಲಿತರು ಎಂದು ಕೇಳಿದರೆ "ಗ್ಯಾಸ್ ಬಂತು" ಅಷ್ಟೆ.

ಲಿಂಗಸುಗೂರು ಮೇಷ್ಟ್ರು

ನೊರೆ ಬೇಡ, ಕಾಯಿಸಿ. ತರಗತಿಯನ್ನು ಎಂಟು ಗುಂಪು ಮಾಡಿ. ಒಂದು ಗುಂಪಿಗೆ 3 ಗ್ರಾಂ, ಇನ್ನೊಂದಕ್ಕೆ 5, ಮತ್ತೊಂದಕ್ಕೆ 8, ಹೀಗೆ ಬೇರೆ ಬೇರೆ ತೂಕ ಕೊಡಿ. ಒಣಗಿದ ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ ಸ್ಟವ್ ಮೇಲೆ ಮಧ್ಯಮ ಉರಿಯಲ್ಲಿ 15–20 ನಿಮಿಷ, ನಡುನಡುವೆ ಕಡ್ಡಿಯಿಂದ ಕೆದಕುತ್ತ ಕಾಯಿಸಬೇಕು. ಮೊದಲ ಎರಡು ನಿಮಿಷದಲ್ಲಿ ಪುಡಿ ನೀರು ಕುದಿದ ಹಾಗೆ ಪುಟಪುಟ ಹಾರುತ್ತದೆ, ಒಳಗಿಂದ ಅನಿಲ ಏಳುತ್ತಿದೆ. ತಣ್ಣನೆಯ ತಟ್ಟೆಯೊಂದನ್ನು ಮೇಲೆ ಹಿಡಿದರೆ ಹನಿ ಕೂರುತ್ತದೆ. ಒಣ ಪುಡಿಯಿಂದ ನೀರು ಎಲ್ಲಿಂದ ಬಂತು ಎಂದು ಅಲ್ಲಿಯೇ ನಿಲ್ಲಿಸಿ ಕೇಳಿ. ತಣಿಸಿ ತೂಗಿ, ಮತ್ತೆ ಐದು ನಿಮಿಷ ಕಾಯಿಸಿ ತೂಗಿ, ಎರಡು ತೂಕ ಒಂದೇ ಬರುವ ತನಕ ಬಿಡಬೇಡಿ.

3 ಗ್ರಾಂ ಇದ್ದದ್ದು 1.89ಕ್ಕೆ, 5 ಇದ್ದದ್ದು 3.15ಕ್ಕೆ, 8 ಇದ್ದದ್ದು 5.05ರ ಆಸುಪಾಸಿಗೆ ಇಳಿಯುತ್ತದೆ. ಯಾರು ಎಷ್ಟೇ ತೆಗೆದುಕೊಂಡಿರಲಿ, ಉಳಿಯುವುದು 100ಕ್ಕೆ 63. ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಹೋಗಿ ತಟ್ಟೆಯಲ್ಲಿ ನೀರಿನಂಶವಿಲ್ಲದ ತೊಳೆಯುವ ಸೋಡಾ (ಸೋಡಿಯಂ ಕಾರ್ಬೊನೇಟ್) ಉಳಿದಿದೆ. ಎಂಟು ಗುಂಪಿನ ಲೆಕ್ಕ ಹಲಗೆಯ ಮೇಲೆ ಸಾಲಾಗಿ ಬರೆದಾಗ ಸಂಯುಕ್ತಕ್ಕೆ ನಿಗದಿತ ಪ್ರಮಾಣ ಇದೆ ಎನ್ನುವುದು ಕಣ್ಣಿಗೆ ಕಾಣುತ್ತದೆ. 1799ರಲ್ಲಿ ಫ್ರಾನ್ಸಿನ ಪ್ರೂಸ್ಟ್ ತಾಮ್ರದ ಕಾರ್ಬೊನೇಟ್ ಹಿಡಿದು ವಾದಿಸಿದ್ದೂ ಇದನ್ನೇ. ಒಂದು ಗುಂಪಿಗೆ 75 ಬಂದರೆ ಪುಡಿ ದಪ್ಪಗೆ ಇತ್ತು, ಒಳಗೆ ಬೇಯಲಿಲ್ಲ ಎಂದರ್ಥ. 60ಕ್ಕಿಂತ ಕೆಳಗೆ ಬಂದರೆ ಕೆದಕುವಾಗ ಚೆಲ್ಲಿದೆ.

ಬೇಕಿಂಗ್ ಪೌಡರ್ ತರಬೇಡಿ, ಅದು ಬೇರೆ. ಅಥವಾ ಬೇಕೆಂದೇ ತನ್ನಿ: ಅದು ಸೋಡಾ, ಒಣ ಆಮ್ಲ, ಪಿಷ್ಟ ಸೇರಿದ ಮಿಶ್ರಣ. ಬರಿಯ ನೀರು ಹಾಕಿದರೆ ಸಾಕು ಬುರುಗುತ್ತದೆ, ಅಯೋಡಿನ್ ಹನಿ ಹಾಕಿದರೆ ನೀಲಿಗಪ್ಪಾಗುತ್ತದೆ. ಅಡುಗೆ ಸೋಡಾ ಎರಡನ್ನೂ ಮಾಡುವುದಿಲ್ಲ. ಎರಡು ಬಿಳಿ ಪುಡಿ, ಒಂದು ಮಿಶ್ರಣ, ಒಂದು ಸಂಯುಕ್ತ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗದು.

ತೂಕಕ್ಕೆ 0.01 ಗ್ರಾಂ ತೋರಿಸುವ ಕಿಸೆಯ ತಕ್ಕಡಿ ಬೇಕು, 1 ಗ್ರಾಂ ಹೆಜ್ಜೆಯ ಅಡುಗೆಮನೆಯ ತಕ್ಕಡಿ ಇಲ್ಲಿ ನಡೆಯದು. ತೂಗುವಾಗ ಫ್ಯಾನ್ ಆರಿಸಿ, ಗಾಳಿಗೆ ಅಂಕಿ ಓಲಾಡುತ್ತದೆ. ಬಿಸಿ ತಟ್ಟೆ ಇಡಬೇಡಿ. ಸಿರಿಂಜಿನಿಂದ 10 ಮಿ.ಲೀ. ನೀರು ಹಾಕಿ 10ರ ಹತ್ತಿರ ತೋರಿಸುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ಭತ್ತದ ಕಣಜ (ಗಂಗಾವತಿ)

ಸಂಯುಕ್ತಕ್ಕೆ ಮೊದಲು ಬೇರ್ಪಡಿಸುವಿಕೆ ಗಟ್ಟಿಯಾಗಬೇಕು. ಅಲ್ಲಿ ನಮ್ಮ ಮಕ್ಕಳಿಗೆ ಬೇಕಾದಷ್ಟು ಬಂಡವಾಳ ಇದೆ. ಪುಸ್ತಕದ ಪಟ್ಟಿಯನ್ನು (ಆರಿಸುವುದು, ತೂರುವುದು, ಜರಡಿ ಹಿಡಿಯುವುದು, ಬಸಿಯುವುದು, ಸೋಸುವುದು) ಬಾಯಿಪಾಠ ಮಾಡಿಸುವ ಬದಲು ಪ್ರತಿಯೊಂದಕ್ಕೂ "ಯಾವ ಗುಣದ ವ್ಯತ್ಯಾಸ ಹಿಡಿದು ಬೇರ್ಪಡಿಸಿದೆವು?" ಎಂದು ಕೇಳಿ. ರೈಸ್ ಮಿಲ್ ಅಷ್ಟೂ ಇದೇ. ಭತ್ತ ಒಳಗೆ ಬರುತ್ತಲೇ ಜರಡಿಯಲ್ಲಿ ಗಾತ್ರದ ಮೇಲೆ ಹುಲ್ಲು–ಮಣ್ಣು ಬೇರೆ, ಆಯಸ್ಕಾಂತದಲ್ಲಿ ಮೊಳೆ–ತಂತಿ ಬೇರೆ, ಕಲ್ಲು ತೆಗೆಯುವ ಯಂತ್ರದಲ್ಲಿ ಅಲುಗಾಟ ಮತ್ತು ಕೆಳಗಿನ ಗಾಳಿಯಿಂದ ಭಾರದ ಕಲ್ಲು ಬೇರೆ, ಸಿಪ್ಪೆ ಸುಲಿದ ಮೇಲೆ ಗಾಳಿಯಲ್ಲಿ ಹಗುರ ಹೊಟ್ಟು ಬೇರೆ. ಎಲ್ಲೂ ಅಕ್ಕಿ ಬೇರೆ ವಸ್ತುವಾಗಲಿಲ್ಲ.

ತರಗತಿಯಲ್ಲಿ ಮಾಡಲು ಉಪ್ಪು–ಮರಳು. ಹಳ್ಳದ ಮರಳನ್ನು ಮೂರು ನೀರಲ್ಲಿ ತೊಳೆದು ಒಣಗಿಸಿಡಿ, ಇಲ್ಲದಿದ್ದರೆ ಜೇಡಿ ಸೋಸುಕಾಗದವನ್ನು ಕಟ್ಟಿಬಿಡುತ್ತದೆ. 10 ಗ್ರಾಂ ಉಪ್ಪು, 10 ಗ್ರಾಂ ಮರಳು, 50 ಮಿ.ಲೀ. ನೀರು. ಕಲಕಿ, ಎರಡು ನಿಮಿಷ ಇಳಿಬಿಟ್ಟು, ಮೊದಲು ಮೇಲಿನ ನೀರನ್ನು ಬಸಿದು ಸೋಸಿ, ಕೊನೆಗೆ ಮರಳು ಸುರಿಯಿರಿ. ಮರಳಿನ ಮೇಲೆ ಇನ್ನೂ 10 ಮಿ.ಲೀ. ನೀರು ಹಾಕಿ ತೊಳೆಯಬೇಕು. ಈ ಹೆಜ್ಜೆ ಬಿಟ್ಟರೆ ಒದ್ದೆ ಮರಳಿನಲ್ಲೇ ಉಪ್ಪು ಉಳಿದು ಲೆಕ್ಕ ಕಡಿಮೆ ಬೀಳುತ್ತದೆ. ನೀರನ್ನು ಅಗಲ ಸ್ಟೀಲ್ ತಟ್ಟೆಯಲ್ಲಿ ಬಿಸಿಲಿಗಿಡಿ. ಉರಿಯ ಮೇಲೆ ಇಟ್ಟರೆ ಕೊನೆಯಲ್ಲಿ ಉಪ್ಪು ಸಿಡಿದು ಹೊರಗೆ ಹಾರುತ್ತದೆ, ಕಣ್ಣಿಗೂ ಬಡಿಯಬಹುದು.

ಎರೆಹೊಲ (ಸಿರುಗುಪ್ಪ)

ಎರಡು ಅನುಮಾನ. ಪುಡಿ ಉಪ್ಪು ಹಾಕಿದರೆ ನೀರು ಮಬ್ಬಾಗುತ್ತದೆ, "ಕರಗಿಲ್ಲ" ಎನ್ನುತ್ತಾರೆ. ಇನ್ನೊಂದು, ಕೆಲವು ಗುಂಪಿಗೆ 10 ಗ್ರಾಂ ಹಾಕಿ 10.6 ಗ್ರಾಂ ಸಿಗುತ್ತದೆ. ಉಪ್ಪು ಬೆಳೆಯಿತೇ ಎಂಬ ಪ್ರಶ್ನೆ ಬರುತ್ತದೆ.

ಭತ್ತದ ಕಣಜ (ಗಂಗಾವತಿ)

ಮಬ್ಬು ಬರುವುದು ಪುಡಿ ಉಪ್ಪು ಗಂಟು ಕಟ್ಟದಿರಲೆಂದು ಸೇರಿಸಿರುವ ವಸ್ತುವಿನಿಂದ. ಅದು ನೀರಲ್ಲಿ ಕರಗದು. ಹರಳುಪ್ಪು ಬಳಸಿ, ಅದರಲ್ಲಿ ಮಣ್ಣಿದ್ದರೆ ತಳಕ್ಕೆ ಕೂರುತ್ತದೆ. ಅಂಗಡಿಯ ಉಪ್ಪೂ ಮಿಶ್ರಣ ಎಂದು ತೋರಿಸಲು ಬೇಕಾದರೆ ಎರಡನ್ನೂ ಪಕ್ಕಪಕ್ಕ ಇಡಿ. 10.6 ಬಂದರೆ ಹೆಚ್ಚಿದ 0.6 ನೀರು. ಹರಳಿನ ಸಂದಿಯಲ್ಲಿ ನೀರು ಅಡಗಿರುತ್ತದೆ, ಕುಟ್ಟಿ ಇನ್ನೊಂದು ಮಧ್ಯಾಹ್ನ ಬಿಸಿಲಲ್ಲಿಟ್ಟು ತೂಗಿ. ತೂಕ ಒಂದೇ ನಿಲ್ಲುವವರೆಗೆ ಒಣಗಿಸಬೇಕು ಎಂಬ ನಿಯಮ ಇಲ್ಲೂ ಅಷ್ಟೇ. 9ರಿಂದ 9.5 ಬಂದರೆ ಚೆನ್ನಾಗಿ ಮಾಡಿದ್ದಾರೆ. ತಟ್ಟೆಗೆ ತೆಳುಬಟ್ಟೆಯನ್ನು ನೀರಿಗೆ ತಾಗದಂತೆ ಕಟ್ಟಿ, ಇಲ್ಲವಾದರೆ ನಮ್ಮ ಕಡೆಯ ಗಾಳಿಗೆ ಧೂಳೂ ಲೆಕ್ಕಕ್ಕೆ ಸೇರುತ್ತದೆ.

ನೀರಿನ ಪ್ರಮಾಣ ಕಡಿಮೆ ಮಾಡಬೇಡಿ. 100 ಮಿ.ಲೀ. ನೀರಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗುತ್ತದೆ. ಅಂದರೆ 10 ಗ್ರಾಂ ಕರಗಿಸಲು 28 ಮಿ.ಲೀ. ಸಾಕು, ಆದರೆ ಅಂಚಿನಲ್ಲಿದ್ದರೆ ಕರಗಲು ಬಹಳ ಹೊತ್ತು ಹಿಡಿಯುತ್ತದೆ, ಮಕ್ಕಳಿಗೆ ತಾಳ್ಮೆ ಇರುವುದಿಲ್ಲ.

ಕರಗಿದ್ದು ಮಾಯವಾಗಿಲ್ಲ ಎನ್ನಲು ಸಕ್ಕರೆ ಒಳ್ಳೆಯದು. ಅಳತೆಯ ಕೊಳವೆಯಲ್ಲಿ 100 ಮಿ.ಲೀ. ನೀರಿಗೆ 20 ಗ್ರಾಂ ಸಕ್ಕರೆ ಹಾಕಿ ಕರಗಿಸಿದರೆ ತೂಕ ಪೂರ್ತಿ 20 ಗ್ರಾಂ ಏರುತ್ತದೆ, ಮಟ್ಟ ಮಾತ್ರ 112ರ ಹತ್ತಿರ ನಿಲ್ಲುತ್ತದೆ.

ಪ್ರಯೋಗಪೆಟ್ಟಿಗೆ (ಕೊಪ್ಪಳ)

ದ್ರವ್ಯದ ಸ್ಥಿತಿಗಳ (ಘನ, ದ್ರವ, ಅನಿಲ) ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಬಿಸಿಲಿಗೆ ಪುಸ್ತಕದ ಚಟುವಟಿಕೆ ಕೈಕೊಡುವುದು ಇಲ್ಲೇ ಹೆಚ್ಚು.

ತಣ್ಣೀರಿನ ಲೋಟದ ಹೊರಗೆ ಹನಿ ಕೂರುವುದನ್ನು ತೋರಿಸಿ ಎಂದಿರುತ್ತದೆ. ಏಪ್ರಿಲ್‌ನಲ್ಲಿ ಲೋಟ ಒಣಗಿಯೇ ನಿಂತಿರುತ್ತದೆ. ಹೊರಗೆ 38 ಡಿಗ್ರಿ, ಗಾಳಿಯ ತೇವ 20 ಪರ್ಸೆಂಟ್ ಇದ್ದರೆ ಹನಿಗಟ್ಟಲು ಲೋಟದ ಮೈ ಸುಮಾರು 11 ಡಿಗ್ರಿಗಿಂತ ತಣ್ಣಗಿರಬೇಕು. ಮಣ್ಣಿನ ಗಡಿಗೆಯ ನೀರು ಅಷ್ಟು ತಣ್ಣಗೆ ಇರುವುದೇ ಇಲ್ಲ, ಫ್ರಿಜ್ ನೀರೂ ಶಾಲೆ ಮುಟ್ಟುವಷ್ಟರಲ್ಲಿ 15 ದಾಟಿರುತ್ತದೆ. ಐಸ್ ಹಾಕಿದ ನೀರೇ ಬೇಕು, ಅದೂ ಸ್ಟೀಲ್ ಲೋಟದಲ್ಲಿ. ಅಥವಾ ಈ ಪಾಠವನ್ನು ಮಳೆಗಾಲಕ್ಕೆ, ಜುಲೈ–ಆಗಸ್ಟ್‌ಗೆ ಇಟ್ಟುಕೊಳ್ಳಿ. "ನೀರು ಲೋಟದಿಂದ ಸೋರಿತು" ಎನ್ನುವ ಮಕ್ಕಳಿಗೆ ಒಳಗಿನ ನೀರಿಗೆ ಶಾಯಿ ಹಾಕಿ ತೋರಿಸಿ, ಹೊರಗಿನ ಹನಿಗೆ ಬಣ್ಣ ಇರುವುದಿಲ್ಲ. ಲೋಟದ ಬಾಯಿ ಮುಚ್ಚಿ ತೂಗಿದರೆ ತೂಕ ಏರುತ್ತ ಹೋಗುತ್ತದೆ, ಸೋರಿದ್ದರೆ ಏರುತ್ತಿರಲಿಲ್ಲ.

ಅದೇ ಒಣ ಗಾಳಿ ಆವಿಯಾಗುವಿಕೆಗೆ ವರ. ಎರಡು ಥರ್ಮಾಮೀಟರ್, ಒಂದರ ಗುಂಡಿಗೆ ಒದ್ದೆ ಬಟ್ಟೆ. ಮಾರ್ಚ್ ಮಧ್ಯಾಹ್ನ ಎರಡೂ ಥರ್ಮಾಮೀಟರ್‌ಗಳ ನಡುವೆ 10 ಡಿಗ್ರಿಗೂ ಹೆಚ್ಚು ವ್ಯತ್ಯಾಸ ಬರುತ್ತದೆ. ಗಡಿಗೆ ನೀರು ಯಾಕೆ ತಣ್ಣಗೆ, ಮಳೆಗಾಲದಲ್ಲಿ ಯಾಕೆ ಅಷ್ಟು ತಣ್ಣಗಾಗದು ಎಂಬ ಎರಡೂ ಪ್ರಶ್ನೆಗೆ ಉತ್ತರ ಅಲ್ಲೇ.

ಕುದಿಬಿಂದು 100 ಬರುವುದಿಲ್ಲ, ಥರ್ಮಾಮೀಟರ್ ಕೆಟ್ಟಿದೆ ಎಂದು ಬೀರುವಿನಲ್ಲಿ ಎಸೆಯಬೇಡಿ. ನಮ್ಮ ಮೂರೂ ಜಿಲ್ಲಾ ಕೇಂದ್ರಗಳು ಸಮುದ್ರಮಟ್ಟದಿಂದ ಸುಮಾರು 400ರಿಂದ 530 ಮೀಟರ್ ಮೇಲಿವೆ, ನೀರು 98.5ರ ಆಸುಪಾಸಿನಲ್ಲೇ ಕುದಿಯುತ್ತದೆ. ಕುದಿಯುವಾಗ ಏಳುವ ಗುಳ್ಳೆಯಲ್ಲಿ ಏನಿದೆ ಎಂದು ಕೇಳಿ. "ಗಾಳಿ", "ಆಕ್ಸಿಜನ್" ಎಂಬ ಉತ್ತರವೇ ಹೆಚ್ಚು. ಅದು ನೀರಾವಿ. ಕೆಟಲ್ ಮೂತಿಯ ಹತ್ತಿರ ಬೆರಳಗಲದಷ್ಟು ಜಾಗ ಖಾಲಿ ಕಾಣುತ್ತದಲ್ಲ, ಅಲ್ಲಿರುವುದು ನಿಜವಾದ ಅನಿಲ. ಅದರಾಚೆಯ ಬಿಳಿ ಹೊಗೆ ಮತ್ತೆ ಹನಿಯಾದ ನೀರು. ಕೈ ಹಿಡಿಯಲು ಬಿಡಬೇಡಿ, ಕಾಣದ ಜಾಗವೇ ಹೆಚ್ಚು ಸುಡುತ್ತದೆ.

ಐಸ್ ಕರಗುವ ತಾಪ ತೋರಿಸಲು 200 ಗ್ರಾಂ ಐಸನ್ನು ಚೀಲದಲ್ಲಿ ಹಾಕಿ ಕಡಲೆಕಾಳಿನಷ್ಟು ಸಣ್ಣಗೆ ಕುಟ್ಟಿ, ಕಲಕುತ್ತ ನಿಮಿಷಕ್ಕೊಮ್ಮೆ ಓದಿ. ದೊಡ್ಡ ತುಂಡು ಹಾಕಿದರೆ ಮೇಲೆ ಐಸ್, ತಳದಲ್ಲಿ 4–5 ಡಿಗ್ರಿ ನೀರು, ಸಮತಟ್ಟು ಗೆರೆ ಬರುವುದೇ ಇಲ್ಲ. ಐಸ್ ತರುವಾಗ ಭತ್ತದ ಹೊಟ್ಟಿನಲ್ಲಿ ಹೂತು ಗೋಣಿಚೀಲ ಸುತ್ತಿದರೆ ಎರಡು ಪೀರಿಯಡ್‌ಗೆ ಧಾರಾಳ ಉಳಿಯುತ್ತದೆ. ಮೇಣ ಕರಗಿಸಿದರೆ ಒಂದೇ ತಾಪದಲ್ಲಿ ನಿಲ್ಲುವುದಿಲ್ಲ, ಮೆತ್ತಗಾಗುತ್ತ ಹೋಗುತ್ತದೆ, ಯಾಕೆಂದರೆ ಅದು ಮಿಶ್ರಣ.

ಜೋಳದ ರಾಶಿ ಹರಿಯುತ್ತದೆ, ಚೀಲದ ಆಕಾರ ತಾಳುತ್ತದೆ, ಹಾಗಾದರೆ ದ್ರವವೇ ಎಂದು ಒಬ್ಬರಾದರೂ ಕೇಳುತ್ತಾರೆ. ಒಂದು ಕಾಳು ಕೈಗೆ ಕೊಟ್ಟು ಅದರ ಆಕಾರ ಬದಲಾಯಿತೇ ಎಂದು ಕೇಳಿ. ರಾಶಿ ಗುಡ್ಡೆಯಾಗಿ ನಿಲ್ಲುತ್ತದೆ, ನೀರು ನಿಲ್ಲದು.

ಎರೆಹೊಲ (ಸಿರುಗುಪ್ಪ)

ಉತ್ಪತನಕ್ಕೆ (ಘನ ವಸ್ತು ದ್ರವವಾಗದೆ ನೇರ ಅನಿಲವಾಗುವುದು) ನವಸಾಗರ (ಅಮೋನಿಯಂ ಕ್ಲೋರೈಡ್) ಬಳಸಬಹುದೇ? ಕಲಾಯಿ ಮಾಡುವವರ ಹತ್ತಿರ ಸಿಗುತ್ತದೆ.

ಲಿಂಗಸುಗೂರು ಮೇಷ್ಟ್ರು

ಪ್ರಯೋಗ ಚೆನ್ನಾಗಿ ಬರುತ್ತದೆ, ಆದರೆ ಅದು ನಿಜವಾದ ಉತ್ಪತನ ಅಲ್ಲ. ಕಾದಾಗ ನವಸಾಗರ ಅಮೋನಿಯ ಮತ್ತು ಹೈಡ್ರೋಜನ್ ಕ್ಲೋರೈಡ್ ಅನಿಲಗಳಾಗಿ ಒಡೆದು, ತಣ್ಣನೆಯ ಗಾಜಿನ ಮೇಲೆ ಮತ್ತೆ ಕೂಡುತ್ತದೆ. ರಾಸಾಯನಿಕ ಬದಲಾವಣೆಯನ್ನೇ ಭೌತಿಕ ಬದಲಾವಣೆಗೆ ಉದಾಹರಣೆ ಕೊಟ್ಟ ಹಾಗಾಗುತ್ತದೆ. ಕರ್ಪೂರ ಸಾಕು, ಕಾಯಿಸುವುದೂ ಬೇಡ. ಹತ್ತು ಬಿಲ್ಲೆ ತೂಗಿ ತೆರೆದ ತಟ್ಟೆಯಲ್ಲಿ ಕಪಾಟಿನ ಮೇಲಿಡಿ, ದಿನಾ ಒಂದೇ ಹೊತ್ತಿಗೆ ತೂಗಿ. ಇನ್ನು ಹತ್ತನ್ನು ಬಿಗಿ ಡಬ್ಬಿಯಲ್ಲಿ ಇಟ್ಟು ಹೋಲಿಸಿ. ಒದ್ದೆಯೂ ಆಗದೆ ತೂಕ ಇಳಿಯುವುದನ್ನು ಮಕ್ಕಳೇ ನಕ್ಷೆ ಬರೆಯಲಿ. ಬೆಂಕಿಯ ಹತ್ತಿರ ಇಡಬೇಡಿ, ಥಟ್ಟನೆ ಹೊತ್ತಿಕೊಳ್ಳುತ್ತದೆ.

ಪ್ರಯೋಗಪೆಟ್ಟಿಗೆ (ಕೊಪ್ಪಳ)

ಗಾಳಿಗೆ ತೂಕವಿದೆ ಎನ್ನುವುದಕ್ಕೆ ಬಲೂನು–ಕಡ್ಡಿಯ ತಕ್ಕಡಿ ಮಾಡಬೇಡಿ. ಬಲೂನಿನೊಳಗಿನ ಗಾಳಿಯನ್ನು ಸುತ್ತಲಿನ ಗಾಳಿ ಎತ್ತಿ ಹಿಡಿದಿರುತ್ತದೆ, ಉಳಿಯುವ ವ್ಯತ್ಯಾಸ 0.1 ಗ್ರಾಂ ಕೂಡ ದಾಟುವುದು ಕಷ್ಟ. ಕಡ್ಡಿ ಒಂದೊಂದು ಸಲ ಒಂದೊಂದು ಕಡೆ ವಾಲುತ್ತದೆ. ಫುಟ್‌ಬಾಲ್ ತೆಗೆದುಕೊಳ್ಳಿ. ಗುಂಡಗಾಗುವಷ್ಟು ಮಾತ್ರ ಗಾಳಿ ಹಾಕಿ ತೂಗಿ, ಆಮೇಲೆ ಪಂಪಿನಿಂದ ಗಟ್ಟಿಯಾಗುವವರೆಗೆ ತುಂಬಿ ತೂಗಿ. ಗಾತ್ರ ಬದಲಾಗಿಲ್ಲ, ತೂಕ ಸುಮಾರು 4 ಗ್ರಾಂ ಏರಿರುತ್ತದೆ. ಅಡುಗೆಮನೆಯ ತಕ್ಕಡಿಯಲ್ಲೂ ಕಾಣುತ್ತದೆ. ತಪ್ಪುವುದು ಒಂದೇ ಕಡೆ: ಮೊದಲ ಸಲ ಚೆಂಡು ಚಪ್ಪಟೆ ಇದ್ದರೆ, ತುಂಬಿದ ಗಾಳಿಯ ತೂಕಕ್ಕಿಂತ ಕಡಿಮೆ ಏರಿದಂತೆ ತಕ್ಕಡಿ ತೋರಿಸುತ್ತದೆ.

ಸೋಡಾ–ವಿನೆಗರ್‌ಗೂ ಇದೇ ಮಾತು. ಬಾಟಲಿಯ ಬಾಯಿಗೆ ಬಲೂನು ಕಟ್ಟಿ ತೂಕ ನೋಡಿದರೆ, ಏನೂ ಹೊರಹೋಗದಿದ್ದರೂ 0.3 ಗ್ರಾಂ ಕಡಿಮೆ ತೋರಿಸುತ್ತದೆ. ಉಬ್ಬಿದ ಬಲೂನು ಸರಿಸಿದ ಗಾಳಿಯ ತೂಕ ಅದು. "ದ್ರವ್ಯ ನಾಶವಾಗದು" ಎಂದು ಹೇಳಹೊರಟವರಿಗೆ ತಕ್ಕಡಿಯೇ ಎದುರುತ್ತರ ಕೊಡುತ್ತದೆ. 1 ಲೀಟರ್ ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಗೆ 25 ಮಿ.ಲೀ. ವಿನೆಗರ್ ಹಾಕಿ, 1 ಗ್ರಾಂ ಸೋಡಾವನ್ನು ತೆಳುಕಾಗದದಲ್ಲಿ ಕಟ್ಟಿ ಕತ್ತಿನಲ್ಲಿ ಸಿಕ್ಕಿಸಿ, ಮುಚ್ಚಳ ಬಿಗಿದು ತೂಗಿ. ಅಲುಗಿಸಿ ಕಾಗದ ಬೀಳಿಸಿ, ನೊರೆ ನಿಂತ ಮೇಲೆ ಮತ್ತೆ ತೂಗಿದರೆ ಅಂಕಿ ಬಹುಮಟ್ಟಿಗೆ ಅಲ್ಲೇ ಇರುತ್ತದೆ. ಮುಚ್ಚಳ ಸಡಿಲಿಸಿದರೆ ಬುಸ್ಸೆಂದು 0.4 ಗ್ರಾಂ ಹತ್ತಿರ ಹೋಗುತ್ತದೆ. 2 ಗ್ರಾಂ ಮೀರಬೇಡಿ, ಗಾಜಿನ ಬಾಟಲಿ ಮುಟ್ಟಲೇಬೇಡಿ.

ದಾಳಿಂಬೆ ತೋಟ (ಕುಷ್ಟಗಿ)

ನಾನು ಶಿಕ್ಷಕನಲ್ಲ, ಕೃಷಿ ಓದಿದವನು. ಹೊಲದ ಮಕ್ಕಳಿಗೆ ಒಂದು ಉದಾಹರಣೆ ಕೊಡುತ್ತೇನೆ, ಬೋರ್ಡೋ (ಗಿಡದ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ಔಷಧ). ಹೆಸರು "ಮಿಶ್ರಣ", ಒಳಗೆ ನಡೆಯುವುದು ರಾಸಾಯನಿಕ ಕ್ರಿಯೆ. ತೋಟದಲ್ಲಿ 1 ಪರ್ಸೆಂಟ್ ಎಂದರೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ತರಗತಿಗೆ 1 ಗ್ರಾಂ ಮೈಲುತುತ್ತವನ್ನು 50 ಮಿ.ಲೀ.ಯಲ್ಲಿ, 1 ಗ್ರಾಂ ಅರಳಿದ ಸುಣ್ಣವನ್ನು ಇನ್ನೊಂದು 50 ಮಿ.ಲೀ.ಯಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಲೋಟದಲ್ಲಿ ಕಲಸಿ. ಮೈಲುತುತ್ತದ ನೀರಿಗೆ ಉಜ್ಜಿದ ಕಬ್ಬಿಣದ ಮೊಳೆ ಅದ್ದಿ, ಒಂದೆರಡು ನಿಮಿಷದಲ್ಲಿ ತಾಮ್ರ ಕೆಂಪಗೆ ಕೂರುತ್ತದೆ. ಈಗ ಎರಡನ್ನೂ ಒಟ್ಟಿಗೆ ಮೂರನೇ ಲೋಟಕ್ಕೆ ಸುರಿಯಿರಿ. ಆಕಾಶನೀಲಿ ಬಣ್ಣದ ಲೋಳೆಯಂಥದ್ದು ಹುಟ್ಟುತ್ತದೆ, ಮೊದಲು ಎರಡರಲ್ಲೂ ಇಲ್ಲದ ವಸ್ತು. ಸೋಸಿದರೆ ಕೆಳಗಿಳಿಯುವ ನೀರಿಗೆ ನೀಲಿ ಇಲ್ಲ. ಹೊಸ ಮೊಳೆ ಅದ್ದಿದರೆ ತಾಮ್ರ ಕೂರುವುದಿಲ್ಲ.

ಕೂತರೆ? ಸುಣ್ಣ ಹಳೆಯದು, ಗಾಳಿಗೆ ಬಿದ್ದು ಸತ್ವ ಕಳೆದುಕೊಂಡಿದೆ. ಇನ್ನಷ್ಟು ಸುಣ್ಣದ ನೀರು ಹಾಕಬೇಕು. ರೈತರು ಸಿಂಪಡಿಸುವ ಮೊದಲು ಕುಡುಗೋಲು ಅದ್ದಿ ನೋಡುವುದು ಇದನ್ನೇ, ತಾಮ್ರ ಹೆಚ್ಚುಳಿದರೆ ಎಲೆ ಸುಡುತ್ತದೆ. ಹರಳು ಸುಣ್ಣವನ್ನು ಮಕ್ಕಳ ಎದುರು ಅರಳಿಸಬೇಡಿ, ಕುದಿದು ಸಿಡಿಯುತ್ತದೆ. ಮೈಲುತುತ್ತ ವಿಷ: ಬರಿಗೈಯಲ್ಲಿ ಮುಟ್ಟಿಸಬೇಡಿ, ಊಟದ ತಟ್ಟೆ–ಲೋಟ ಬಳಸಬೇಡಿ, ಕೈ ತೊಳೆಸಿ.

ಕೆಂಪುಮಣ್ಣು (ಸಂಡೂರು)

ಕುಷ್ಟಗಿಯವರ ಉದಾಹರಣೆ ನಾಳೆಯೇ ಮಾಡುವಂಥದ್ದು. ಇದರ ಜೊತೆ ಚಿತ್ರ ಬರೆಸುವುದನ್ನು ಬಿಡಬೇಡಿ. ಪ್ರಯೋಗ ಆದ ಮೇಲೆ ಎರಡು ವೃತ್ತ ಕೊಟ್ಟು "ಮೊದಲು", "ಆಮೇಲೆ" ಕಣಗಳನ್ನು ಬರೆಯಿರಿ ಎನ್ನಿ. ನಿಯಮ ಒಂದೇ: ಮೊದಲ ವೃತ್ತದಲ್ಲಿ 12 ಚುಕ್ಕೆ ಇದ್ದರೆ ಎರಡನೆಯದರಲ್ಲೂ 12. ಆಗ ತಪ್ಪು ಕಲ್ಪನೆಗಳೆಲ್ಲ ಹೊರಬರುತ್ತವೆ. ಕಾದಾಗ ಕಣವೇ ದಪ್ಪವಾದಂತೆ ಬರೆಯುತ್ತಾರೆ, ಕರಗಿದ ಉಪ್ಪಿನ ಕಣವನ್ನು ಬಿಟ್ಟೇಬಿಡುತ್ತಾರೆ, ಕಣಗಳ ನಡುವೆ "ಗಾಳಿ" ಎಂದು ಬರೆಯುತ್ತಾರೆ. ನಡುವೆ ಏನೂ ಇಲ್ಲ ಎಂದು ಒಪ್ಪಲು ಮಕ್ಕಳಿಗೆ ವಾರಗಳೇ ಬೇಕು, ಅವಸರ ಮಾಡಬಾರದು.

ಮಾದರಿಗೆ ಕಡಲೆ ಮತ್ತು ಹೆಸರುಕಾಳು. ಎರಡನ್ನೂ ಬೆರೆಸಿದರೆ ಮಿಶ್ರಣ. ನೀರಿಗೆ ಮಾತ್ರ ಒಂದು ದೊಡ್ಡ ಮಣ್ಣುಂಡೆಗೆ (ಆಕ್ಸಿಜನ್) ಎರಡು ಸಣ್ಣ ಉಂಡೆಯನ್ನು (ಹೈಡ್ರೋಜನ್) ಕಸಬರಿಗೆ ಕಡ್ಡಿಯಿಂದ ಜೋಡಿಸಿ ಒಣಗಿಸಿ. ಆವಿಯಾಗುವುದು ಎಂದರೆ ಜೋಡಿಸಿದ ಉಂಡೆಗಳು ಒಂದರಿಂದೊಂದು ದೂರ ಹೋಗುವುದು, ಕಡ್ಡಿ ಮುರಿಯುವುದಿಲ್ಲ. ಕಡ್ಡಿ ಮುರಿಯುವುದು ನೀರಿಗೆ ವಿದ್ಯುತ್ ಹರಿಸಿದಾಗ. ಅದನ್ನು ತೋರಿಸುವವರು 200 ಮಿ.ಲೀ. ನೀರಿಗೆ 5 ಗ್ರಾಂ ಅಡುಗೆ ಸೋಡಾ ಹಾಕಿ, 9 ವೋಲ್ಟ್ ಬ್ಯಾಟರಿ, ಪೆನ್ಸಿಲ್ ಸೀಸ ಬಳಸಿ. ಉಪ್ಪು ಹಾಕಿದರೆ ಕ್ಲೋರಿನ್ ಬರುತ್ತದೆ. ಹೈಡ್ರೋಜನ್ ಏಳುವ ಕಡೆ ಆಕ್ಸಿಜನ್‌ನ ಎರಡರಷ್ಟು ಅನಿಲ ಬರಬೇಕು, ಎರಡಕ್ಕಿಂತ ಹೆಚ್ಚೇ ಕಾಣುತ್ತದೆ, ಏಕೆಂದರೆ ಆಕ್ಸಿಜನ್ ಸ್ವಲ್ಪ ನೀರಲ್ಲಿ ಕರಗಿ, ಸ್ವಲ್ಪ ಪೆನ್ಸಿಲಿನ ಕಾರ್ಬನ್ ಜೊತೆ ಕೂಡಿಹೋಗುತ್ತದೆ.

ಬಿಸಿಲೂರು (ರಾಯಚೂರು)

ಇಷ್ಟು ಸಿಕ್ಕಿತು, ಎಲ್ಲರಿಗೂ ಧನ್ಯವಾದ. "ಶುದ್ಧ" ಎಂಬ ಪದವೊಂದು ಉಳಿಯಿತು. ಮಕ್ಕಳಿಗೆ ಶುದ್ಧ ಎಂದರೆ ಕುಡಿಯಲು ಯೋಗ್ಯ, ಕಲಬೆರಕೆ ಇಲ್ಲದ್ದು. ರಸಾಯನಶಾಸ್ತ್ರದ ಶುದ್ಧ ಬೇರೆ, ಅಲ್ಲಿ ಒಂದೇ ವಸ್ತು ಇರಬೇಕು. ಬೋರ್‌ವೆಲ್ ನೀರು ಹಿಡಿದು ಮಾಡಬಹುದೇ?

ಪ್ರಯೋಗಪೆಟ್ಟಿಗೆ (ಕೊಪ್ಪಳ)

ಖಂಡಿತ ಮಾಡಿ. ಬೋರ್‌ವೆಲ್, ಕಾಲುವೆ, ಶುದ್ಧೀಕರಣ ಘಟಕದ ನೀರು, ಮಳೆನೀರು, ನಾಲ್ಕರಲ್ಲೂ 100 ಮಿ.ಲೀ. ತೆಗೆದುಕೊಳ್ಳಿ. ಕಾಲುವೆ ನೀರನ್ನು ಮೊದಲು ಸೋಸಿ. ಒಂದೇ ಅಳತೆಯ, ತಳ ಹೊಳೆಯುವ ಸ್ಟೀಲ್ ತಟ್ಟೆಗಳಲ್ಲಿ ತೆಳುಬಟ್ಟೆ ಕಟ್ಟಿ ಬಿಸಿಲಿಗಿಡಿ. ಲೀಟರಿಗೆ 1000 ಮಿ.ಗ್ರಾಂ ಕರಗಿದ ಲವಣ ಇರುವ ನೀರು 0.1 ಗ್ರಾಂ ಬಿಳಿ ಪದರ ಬಿಡುತ್ತದೆ, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದಲ್ಲಿ ಒಪ್ಪುವ ಮಿತಿ ಲೀಟರಿಗೆ 500, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 2000 ಮಿ.ಗ್ರಾಂ. ಪದರದ ಮೇಲೆ ವಿನೆಗರ್ ಹನಿ ಹಾಕಿ. ಬುರುಗಿದರೆ ಕಾರ್ಬೊನೇಟ್ ಇದೆ, ಕೆಟಲ್ ಒಳಗೆ ಕಟ್ಟುವ ಸುಣ್ಣದ ಪೊರೆಯಂಥದ್ದು.

ಫ್ಲೋರೈಡ್ ಮಾತು ಇಲ್ಲಿ ಬರಲೇಬೇಕು, ನೀರಲ್ಲಿ ಅದು ಹೆಚ್ಚಾದರೆ ಹಲ್ಲಿಗೆ ಕಲೆ ಬರುತ್ತದೆ, ನಮ್ಮ ಕಡೆಯ ಮಕ್ಕಳ ಹಲ್ಲಿನ ವಿಷಯ ಅದು. ನೀರು ಕುದಿಸಿದರೆ ಸೂಕ್ಷ್ಮಜೀವಿ ಸಾಯುತ್ತವೆ, ಕರಗಿದ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು, ಕರಗಿದ ಕಣ ಬಟ್ಟೆಯ ಸಂದಿಗಿಂತ ಎಷ್ಟೋ ಸಣ್ಣದು. ತಟ್ಟೆಯ ಪದರ ನೋಡಿ ಫ್ಲೋರೈಡ್ ಇದೆ–ಇಲ್ಲ ಎಂದು ಹೇಳಲಾಗದು, ಅದಕ್ಕೆ ಬೇರೆ ಪರೀಕ್ಷೆ ಬೇಕು. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷಾ ಕಿಟ್ ಇದ್ದರೆ ಕೇಳಿ ತನ್ನಿ.

ತಟ್ಟೆ ಮಾತ್ರ ಉಜ್ಜಿ ತೊಳೆದು, ಮಳೆನೀರಿನಲ್ಲೇ ಕೊನೆಯ ಸಲ ಜಾಲಾಡಿಸಿ ಒಣಗಿಸಬೇಕು. ಬೋರ್‌ವೆಲ್ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ನಾಲ್ಕೂ ತಟ್ಟೆಯಲ್ಲಿ ಬಿಳಿ ಕಲೆ ಮೊದಲೇ ಕೂತಿರುತ್ತದೆ.